ಮೆರವಣಿಗೆಯ ಹಿಂದಿನ ಕತೆಯನ್ನೂ ಬರೆಯಿರಿ

ಮಾನ್ಯರೇ,

ಪ್ರತಿ ಜೂನ್‌ನಲ್ಲಿ ನಿಮ್ಮ ಪತ್ರಿಕೆಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಪ್ರೈಡ್ ಮೆರವಣಿಗೆಯ (ಸಲಿಂಗಿಗಳು, ಟ್ರಾನ್ಸ್ ಜನರು ಹೆಮ್ಮೆಯಿಂದ ನಡೆಸುವ ಮೆರವಣಿಗೆ) ಫೋಟೊಗಳು ಬರುತ್ತವೆ. ಬಣ್ಣ, ಕುಣಿತ, ನಗುಮುಖ. ನೋಡಲು ಖುಷಿ. ಆದರೆ ಅದರ ಹಿಂದಿನ ಕತೆಗೂ ಸ್ವಲ್ಪ ಜಾಗ ಬೇಕು, ಅಲ್ವಾ?

1966ರ ಆಗಸ್ಟ್‌ನ ಒಂದು ರಾತ್ರಿ. ಆ ಊರಿನ ಟೆಂಡರ್‌ಲಾಯ್ನ್ ಬಡಾವಣೆಯ ಕಾಂಪ್ಟನ್ಸ್ ಕೆಫೆಟೇರಿಯಾ. ಟ್ರಾನ್ಸ್ ಮಹಿಳೆಯರು, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಿದ್ದರೂ ಹೆಣ್ಣಾಗಿ ಬದುಕುವವರು, ತಡರಾತ್ರಿ ಬಂದು ಕೂರುತ್ತಿದ್ದ ಜಾಗ. ಅವರು ಹೆಣ್ಣುಡುಗೆ ತೊಟ್ಟರೆ ಸಾಕು, ಪೊಲೀಸರು ಹಿಡಿದೊಯ್ಯುತ್ತಿದ್ದ ಕಾಲವದು. ಅಂದು ಒಬ್ಬಾಕೆ, ತನ್ನನ್ನು ಹಿಡಿಯಲು ಬಂದ ಪೊಲೀಸನ ಮುಖಕ್ಕೆ ಕಾಫಿ ಎರಚಿದಳು. ಮೇಜುಗಳು ಉರುಳಿದವು, ಗಾಜು ಒಡೆಯಿತು, ಗಲಾಟೆ ಬೀದಿಗೆ ಬಂತು. ಪೊಲೀಸ್ ದಾಳಿಯ ವಿರುದ್ಧ ಸಲಿಂಗಿಗಳು, ಟ್ರಾನ್ಸ್ ಜನರು ತಿರುಗಿ ನಿಂತ, ನ್ಯೂಯಾರ್ಕ್‌ನ ಹೆಸರಾಂತ ಸ್ಟೋನ್‌ವಾಲ್ ಪ್ರತಿಭಟನೆಗಿಂತ (1969) ಸುಮಾರು ಮೂರು ವರ್ಷ ಮೊದಲು!

ಆದರೂ ಅಂದಿನ ಪತ್ರಿಕೆಗಳು ಇದನ್ನು ಸುದ್ದಿ ಮಾಡಲಿಲ್ಲ. ಅದಕ್ಕೇ ಅದು ನಡೆದ ತಾರೀಕು ಯಾವುದೆಂದು ಇತಿಹಾಸಕಾರರಿಗೂ ಸಿಕ್ಕಿಲ್ಲ. 1990ರ ದಶಕದಲ್ಲಿ ಇತಿಹಾಸಕಾರ್ತಿ ಸೂಸನ್ ಸ್ಟ್ರೈಕರ್ ಅವರು ಹಳೆಯ ಕಡತಗಳನ್ನು ಹುಡುಕುವಾಗ, 1972ರ ಪ್ರೈಡ್ ಮೆರವಣಿಗೆಯ ಪುಸ್ತಿಕೆಯೊಂದರಲ್ಲಿ ಇದರ ಉಲ್ಲೇಖ ಕಂಡಿತು. ಆಮೇಲೆ ಅಲ್ಲಿದ್ದವರನ್ನು ಹುಡುಕಿ ಮಾತಾಡಿಸಿದರು. ಎಷ್ಟು ದೊಡ್ಡ ಕೆಲಸ!

ಮುಂದಿನ ಜೂನ್‌ನಲ್ಲಿ ಫೋಟೊ ಜೊತೆಗೆ ಈ ಕೆಫೆಟೇರಿಯಾದ ಬಗ್ಗೆಯೂ ನಾಲ್ಕು ಸಾಲು ಹಾಕಿ ಎಂದು ಕೇಳಿಕೊಳ್ಳುತ್ತೇನೆ.

– ನಿಮ್ಮ ನಿತ್ಯದ ಓದುಗ