ವಾಚ್ ಬಿಚ್ಚಿಟ್ಟು ಮಲಗು

ಚಿರಂಜೀವಿ ಪುಟ್ಟನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನೀನು ಮತ್ತೆ ಇಸಿಜಿ ಮಾಡಿಸಿದೆ ಅಂತ ನಿಮ್ಮಮ್ಮ ಹೇಳಿದರು. ಈ ಸಲವೂ ನಾರ್ಮಲ್ ಅಂತೆ. ಆದರೂ ನಡುರಾತ್ರಿ ಎದ್ದು ಕೂತು, ಕತ್ತಿನ ಮೇಲೆ ಎರಡು ಬೆರಳಿಟ್ಟುಕೊಂಡು, ವಾಚಿನಲ್ಲಿ ಬಡಿತ ಎಷ್ಟಿದೆ ಅಂತ ನೋಡುತ್ತೀಯಂತೆ. ಜಿಮ್ ಬಿಟ್ಟೆಯಂತೆ. ಹುಡುಗಿ ಮನೆಯವರಿಗೂ ‘ಆಮೇಲೆ ನೋಡೋಣ’ ಅಂದೆಯಂತೆ.

ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು, ಹೃದಯಾಘಾತದಿಂದ ಹೋದಾಗ ಅವರಿಗೆ ಬರೀ 46. ಆಮೇಲೆ 2025ರಲ್ಲಿ ನಮ್ಮ ಹಾಸನದ ಸಾವುಗಳ ಸುದ್ದಿ. ಟಿವಿ ಹಾಕಿದರೆ ಸಾಕು, ಹೃದಯಾಘಾತ. ಮೈಸೂರಿನ ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳು ಅಸಹಜವಾಗಿ ಏರಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ನಂಟು ಕಂಡಿಲ್ಲ ಅಂತ ವರದಿ ಕೊಟ್ಟಿತು. ಅದನ್ನು ಯಾರೂ ಸ್ಟೇಟಸ್‌ಗೆ ಹಾಕಲಿಲ್ಲ, ಅಲ್ವಾ?

ಭಯ ಹೆಚ್ಚಾದಾಗಲೂ ಎದೆ ಹೊಡೆದುಕೊಳ್ಳುತ್ತೆ, ಕೈ ಬೆವರುತ್ತೆ. ಉಸಿರು ಜೋರಾಗಿ ತಲೆ ತಿರುಗುತ್ತೆ, ಬೆರಳು ಜುಮ್ ಅನ್ನುತ್ತೆ. ಅದನ್ನು ಕಂಡು ಇನ್ನಷ್ಟು ಭಯ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಪೂರ್ತಿ ಏರಿ, ತಾನಾಗೇ ಇಳಿಯುತ್ತೆ. ನೀನು ಪ್ರತಿಸಲ ವಾಚ್ ನೋಡಿ ಸಮಾಧಾನ ಮಾಡಿಕೊಂಡರೆ ‘ನೋಡಿದ್ದಕ್ಕೇ ಬದುಕಿದೆ’ ಅಂತ ಮನಸ್ಸು ಕಲಿತುಬಿಡುತ್ತೆ. ಮಾರನೇ ರಾತ್ರಿ ಮತ್ತೆ ನೋಡು ಅನ್ನುತ್ತೆ. ಅದಕ್ಕೇ ಮಲಗುವಾಗ ವಾಚ್ ಬೇಡ. ಆರಂಭದಲ್ಲಿ ಕಷ್ಟವೇ, ತಡಕೋ.

ಹಾಗಂತ ಎದೆನೋವನ್ನು ಸುಮ್ನೆ ಬಿಡು ಅಂತಲ್ಲ. ಎದೆ ಒತ್ತಿದ ಹಾಗಾಗಿ, ನೋವು ಎಡಗೈಗೋ ದವಡೆಗೋ ಹರಡಿ, ತಣ್ಣನೆ ಬೆವರು ಬಂದರೆ ತಡಮಾಡದೆ ಆಸ್ಪತ್ರೆಗೆ ಓಡು. ಈಗ ಅಪ್ಪು ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ. ಉಳಿದಂತೆ ಒಬ್ಬರೇ ಡಾಕ್ಟರ್ ಇರಲಿ. ಮುಂದಿನ ತಪಾಸಣೆ ಯಾವಾಗ ಅಂತ ಅವರನ್ನೇ ಕೇಳು. ಅಲ್ಲಿಯವರೆಗೆ ಲ್ಯಾಬಿನ ಕಡೆ ತಲೆ ಹಾಕಬೇಡ. ಸಿಗರೇಟು ಮಾತ್ರ ಇವತ್ತೇ ಬಿಡು. ಇಷ್ಟು ಹೆದರುವವನು ಅದನ್ನು ಹೇಗೆ ಸೇದುತ್ತೀಯೋ, ನನಗಂತೂ ಅರ್ಥವಾಗಿಲ್ಲ.

ಇಷ್ಟಾದರೂ ನಿದ್ದೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಸಾವಿನ ಭಯ ಪೂರ್ತಿ ಹೋಗುತ್ತೆ ಅಂತ ನಾನು ಹೇಳಲಾರೆ. ನನಗೂ ಇದೆ. ಅದನ್ನು ಇಟ್ಟುಕೊಂಡೇ ತೋಟಕ್ಕೆ ಹೋಗುತ್ತೇನೆ, ಶುಂಠಿ ಹಾಕುತ್ತೇನೆ, ರೇಟು ಬಿದ್ದರೆ ಬೈದುಕೊಳ್ಳುತ್ತೇನೆ.

ಈ ಭಾನುವಾರ ಹುಡುಗಿ ಮನೆಗೆ ನೀನೇ ಫೋನ್ ಮಾಡು. ಬೇಡ ಅನ್ನುವುದಾದರೆ ಹುಡುಗಿ ಒಪ್ಪಿಗೆಯಾಗಲಿಲ್ಲ ಅಂತ ಬೇಡ ಅನ್ನು. ಎದೆ ಹೊಡೆದುಕೊಳ್ಳುತ್ತೆ ಅನ್ನುವ ಕಾರಣಕ್ಕೆ ಬೇಡ ಅಂದರೆ ನಾನು ಒಪ್ಪುವುದಿಲ್ಲ.

ನಿನ್ನ ಚಿಕ್ಕಪ್ಪ