001, 002 ಅಂತ ಹೇಳಿಕೊಟ್ಟವರಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಇಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಅಜ್ಜನ ನೋಟ್‌ಬುಕ್ಕಿನ 140 ಪುಟ ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಎಲ್ಲವೂ ಬಣ್ಣದ ಟಿಫ್ (ಗಾತ್ರ ಕುಗ್ಗಿಸದ ಚಿತ್ರ) ಫೈಲುಗಳು, ಒಂದೊಂದೂ 25 ಎಂಬಿ. ಯಾರಿಗೆ ಕಳಿಸಲಿ? ಸೇರಿಸಿ ಪಿಡಿಎಫ್ ಮಾಡಿದರೆ 1ನೇ ಪುಟದ ಹಿಂದೆಯೇ 10, ಆಮೇಲೆ 100! 2ನೇ ಪುಟ ಎಲ್ಲೋ ನಡುವೆ ಸಿಕ್ಕಿತು. ಒಂದೊಂದೇ ಎಳೆದು ಜೋಡಿಸುತ್ತಾ ಎರಡು ರಾತ್ರಿ ಸುಮ್ನೆ ಹಾಳಾಯಿತು.

ನೀವು ನಗಲಿಲ್ಲ, ಅದೇ ದೊಡ್ಡದು. 'ಪ್ರೋಗ್ರಾಂ ಅದನ್ನು ಸಂಖ್ಯೆ ಅಂತ ನೋಡ್ತಿಲ್ಲ, ಅಕ್ಷರ ಅಂತ ಜೋಡಿಸ್ತಿದೆ. ಫೈಲುಗಳಿಗೆ 001, 002 ಅಂತ ಹೆಸರಿಡಿ' ಅಂದಿರಿ. ಅಷ್ಟೇ! ಆಮೇಲೆ ಬಣ್ಣ ತೆಗೆದು ಗ್ರೇಸ್ಕೇಲ್ (ಬೂದು ಛಾಯೆಯ) ಜೆಪೆಗ್ ಮಾಡಿಸಿದಿರಿ, ಆ ಫೈಲು ಚಿಕ್ಕದು. ಸ್ಪಷ್ಟತೆ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕಿ) ಕೆಳಗಿಳಿಸಬೇಡಿ, ಮೂಲ ಟಿಫ್ ಅಳಿಸಬೇಡಿ ಅಂತ ಎರಡೆರಡು ಸಲ ಹೇಳಿದಿರಿ. ಮೂರೂವರೆ ಜಿಬಿ ಇದ್ದದ್ದು ಈಗ 60 ಎಂಬಿ.

ಪಠ್ಯ ಹುಡುಕಲು ಆಗುತ್ತಾ ಅಂತ ಚಿತ್ರದಲ್ಲಿನ ಅಕ್ಷರ ಓದುವ ಟೆಸರಾಕ್ಟ್ ಅನ್ನೋ ಪ್ರೋಗ್ರಾಂ ಕೂಡ ಹಾಕಿ ನೋಡಿದೆ. ಅದು ಅಚ್ಚಿನ ಅಕ್ಷರಕ್ಕೆ ಮಾಡಿದ್ದು, ಅಜ್ಜನ ಕೈಬರಹಕ್ಕೆ ಸೋತಿತು. ನಮಗೇ ಓದೋಕೆ ಆಗಲ್ಲ ಬಿಡಿ.

ನಿನ್ನೆ ಅತ್ತೆ ಫೋನಿನಲ್ಲೇ ಫೈಲ್ ತೆರೆದರು. 37ನೇ ಪುಟದ ಶಾಯಿ ಕಲೆ ತಾನೇ ಮಾಡಿದ್ದು ಅಂತ ಇಷ್ಟು ವರ್ಷದ ಮೇಲೆ ಒಪ್ಪಿಕೊಂಡರು.