ಸಣ್ಣ ಬ್ಯಾಟರಿಯನ್ನ ಮೊದಲು ವಿಚಾರಿಸು

ಫ್ರೀಮಾಂಟ್, ಜನವರಿ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಸಮಾಚಾರ ನಿನ್ನೆ ರಾತ್ರಿ ಫೋನಿನಲ್ಲಿ ಅರ್ಧಂಬರ್ಧ ಕೇಳಿಸಿತು. ಮಿನಿಯಾಪೊಲಿಸ್ಸಿನ ಆ ಚಳಿಯಲ್ಲಿ, ಲೈಬ್ರರಿ ಹಿಂದೆ ನಿಲ್ಲಿಸಿದ ನಿನ್ನ ಪ್ರಿಯಸ್, ಪೆಟ್ರೋಲು ಕರೆಂಟು ಎರಡರಲ್ಲೂ ಓಡೋ ಆ ಹೈಬ್ರಿಡ್ ಗಾಡಿ, ಉಸಿರೆತ್ತುತ್ತಿಲ್ಲ, ರಿಮೋಟ್ ಒತ್ತಿದರೆ ಬಾಗಿಲೂ ತೆಗೆಯುತ್ತಿಲ್ಲ, ಟೋ ಗಾಡಿಯವನು ಬಂದು ನೋಡಿ "ಹೈಬ್ರಿಡ್ ಬ್ಯಾಟರಿ ಹೋಗಿರಬೇಕು, ಸಾವಿರಾರು ಡಾಲರ್ ಆಗುತ್ತೆ" ಅಂದ ಅಂತ ನೀನು ಅಳೋದೊಂದು ಬಾಕಿ. ಜಂಪ್ ಕೊಡಿಸಿ, ಅಂದರೆ ಹೊರಗಿನ ಬ್ಯಾಟರಿಯಿಂದ ಕರೆಂಟ್ ಎರವಲು ಪಡೆದು, ಹೇಗೋ ಮನೆ ಸೇರಿದೆಯಲ್ಲ, ಅಷ್ಟು ಸಾಕು. ಫೋನಿನಲ್ಲಿ ನಾನು ಹೇಳಿದ್ದು ಆ ಗಾಬರಿಯಲ್ಲಿ ನಿನ್ನ ತಲೆಗೆ ಹೋಗಿರಲಿಕ್ಕಿಲ್ಲ ಅಂತ ಈಗ ಕೂತು ಬರೀತಿದ್ದೀನಿ. ಇದನ್ನ ಗಾಡಿಯ ಮುಂದಿನ ಡಬ್ಬದಲ್ಲಿ ಇಟ್ಟುಕೋ.

ತಿಪಟೂರಿನ ಕೊಬ್ಬರಿ ಮಾರ್ಕೆಟ್ ಹತ್ತಿರ 31 ವರ್ಷ ಬ್ಯಾಟರಿ ಅಂಗಡಿ ಇಟ್ಟವನು ನಾನು. ಲಾರಿ, ಟ್ರ್ಯಾಕ್ಟರ್, ಮದುವೆ ಮೈಕ್‌ಸೆಟ್, ಯಾವುದರ ಬ್ಯಾಟರಿ ಡೌನ್ ಆದರೂ ನನ್ನ ಬಾಗಿಲಿಗೇ ಬರೋದು. ಅಂಥವನು ಇಲ್ಲಿಗೆ ಬಂದು ನಿಮ್ಮಣ್ಣನ 2007ರ ಪ್ರಿಯಸ್ಸಿನ ಬಾನೆಟ್ ಎತ್ತಿ ಸೆಲ್ಫ್ ಹುಡುಕಿದೆ, ಸೆಲ್ಫ್ ಇಲ್ಲ. ಡೈನಮೋ ಹುಡುಕಿದೆ, ಡೈನಮೋ ಇಲ್ಲ. ಬ್ಯಾಟರಿಯೂ ಕಾಣಲಿಲ್ಲ. 31 ವರ್ಷದ ಸರ್ವಿಸು ಎರಡೇ ನಿಮಿಷದಲ್ಲಿ ಸೊನ್ನೆ! ನಿನ್ನ 2008ರದ್ದೂ ಅದೇ ತಲೆಮಾರಿನ ಗಾಡಿ, ಹಾಗಾಗಿ ನಾನು ಪೆಟ್ಟು ತಿಂದು ಕಲಿತದ್ದು ನಿನಗೆ ಹಾಗೇ ಹೊಂದುತ್ತೆ.

ಈ ಗಾಡಿಗೆ ಬ್ಯಾಟರಿ ಎರಡು. ಹಿಂದಿನ ಸೀಟಿನ ಬೆನ್ನಿಗೆ ದೊಡ್ಡದು: 28 ತುಂಡು, ಒಂದೊಂದರಲ್ಲಿ 6 ಸೆಲ್, ಒಟ್ಟು 168 ಸೆಲ್, 201.6 ವೋಲ್ಟ್. ಡಿಕ್ಕಿಯ ಬಲಮೂಲೆಯಲ್ಲಿ, ಮುಚ್ಚಳದ ಕೆಳಗೆ, ಸಣ್ಣದು: ಮಾಮೂಲಿ 12 ವೋಲ್ಟಿನದು. ಇಂಜಿನ್ ಎಬ್ಬಿಸೋದು ದೊಡ್ಡದರ ಕೆಲಸ. ಗೇರ್‌ಬಾಕ್ಸಿನೊಳಗಿನ ಮೋಟರಿಗೆ ಅದೇ ಕರೆಂಟ್ ಕೊಟ್ಟು ಇಂಜಿನ್ ತಿರುಗಿಸುತ್ತೆ. ಆದರೆ ಆ ದೊಡ್ಡದನ್ನ ಗಾಡಿಗೆ ಸೇರಿಸುವ ರಿಲೇಗಳು (ಕರೆಂಟಿನಿಂದ ನಡೆಯೋ ಸ್ವಿಚ್ಚು), ಕಂಪ್ಯೂಟರು, ಬಾಗಿಲಿನ ಬೀಗ ಎಲ್ಲ ನಡೆಯೋದು ಸಣ್ಣದರಿಂದ. ಕಣಜದ ತುಂಬ ರಾಗಿ ಇದೆ, ಬೀಗದಕೈ ಅಜ್ಜಿಯ ಸೊಂಟದಲ್ಲಿದೆ, ಅಜ್ಜಿ ಮಲಗಿಬಿಟ್ಟರೆ ಮನೆಮಂದಿಗೆಲ್ಲ ಉಪವಾಸ. ನಿನ್ನೆ ನಿನ್ನ ಗಾಡಿಗೆ ಆದದ್ದು ಅಷ್ಟೇ. ದೊಡ್ಡದು ಸತ್ತಿದ್ದರೆ 12 ವೋಲ್ಟಿನ ಜಂಪಿಗೆ ಗಾಡಿ ಏಳುತ್ತಲೇ ಇರಲಿಲ್ಲ.

ನಿಮ್ಮಣ್ಣನ ಗಾಡಿ ಹೀಗೇ ನಿಂತಾಗ ನಾನು ಮಾಡಿದ ಪೆದ್ದುತನ ಕೇಳು. ಬ್ಯಾಟರಿ ಡಿಕ್ಕಿಯಲ್ಲಿದೆ ಅಂತ ತಿಳಿಯಿತು, ಡಿಕ್ಕಿಯ ಬೀಗ ಕರೆಂಟಿನದು, ಕರೆಂಟಿಲ್ಲ. ಹಿಂದಿನ ಸೀಟು ಮಡಿಸಿ, ಈ ಹೊಟ್ಟೆ ಹೊತ್ತುಕೊಂಡು ಅಂಬೆಗಾಲಲ್ಲಿ ನುಗ್ಗಿ, ತಿಂಗಳ ಸಾಮಾನಿನ ಚೀಲಗಳ ಮೇಲೆ ಬೋರಲು ಮಲಗಿ, ಟಾರ್ಚು ಬಾಯಲ್ಲಿ ಕಚ್ಚಿ, ಬಾಗಿಲಿನ ಒಳಗಡೆಯ ಸಣ್ಣ ಲಿವರ್ ಹುಡುಕಿ ತಳ್ಳಿದೆ. ಒಂದು ಡಜನ್ ಮೊಟ್ಟೆ ಹೋಯಿತು, ಅದನ್ನ ನಿಮ್ಮ ದೊಡ್ಡಮ್ಮ ಇವತ್ತಿಗೂ ಹೇಳ್ತಾಳೆ. ಆಮೇಲೆ ಗೊತ್ತಾಯಿತು, ಇದ್ಯಾವುದೂ ಬೇಕಿರಲಿಲ್ಲ. ಬಾನೆಟ್ ಒಳಗೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಕೆಂಪು ಪ್ಲಾಸ್ಟಿಕ್ ಟೋಪಿ ಹಾಕಿದ ಒಂದು ಲೋಹದ ನಾಲಿಗೆ ಇದೆ. ಅದೇ ಹಿಂದಿನ ಬ್ಯಾಟರಿಯ ಪ್ಲಸ್. ಜಂಪ್ ಕೊಡೋದು ಅಲ್ಲಿಗೆ. ಅಲ್ಲಿ ಕರೆಂಟ್ ಬಂದ ತಕ್ಷಣ ಡಿಕ್ಕಿಯ ಗುಂಡಿಗೂ ಜೀವ ಬರುತ್ತೆ.

ಮುಂದಿನ ಸಲ ನಿಂತರೆ ಗಾಬರಿಪಡದೆ ಮೊದಲು ರಿಮೋಟಿನ ಒಳಗಿರುವ ಕಬ್ಬಿಣದ ಕೀಲಿ ಎಳೆದು ಬಾಗಿಲು ತೆಗೆ. ಹೀಟರ್, ಲೈಟ್ ಎಲ್ಲ ಆಫ್ ಮಾಡು. ಇನ್ನೊಂದು ಕಾರು ಹತ್ತಿರ ನಿಲ್ಲಲಿ, ನಿನ್ನದಕ್ಕೆ ತಾಗಬಾರದು. ಕೆಂಪು ವೈರಿನ ಒಂದು ತುದಿ ನಿನ್ನ ಆ ಲೋಹದ ನಾಲಿಗೆಗೆ, ಇನ್ನೊಂದು ತುದಿ ಅವರ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ವೈರು ಮೊದಲು ಅವರ ಮೈನಸ್ಸಿಗೆ, ಕೊನೆಯ ತುದಿ ನಿನ್ನ ಇಂಜಿನ್ ಕೋಣೆಯಲ್ಲಿ ಬಣ್ಣ ಬಳಿಯದ ಗಟ್ಟಿ ಬೋಲ್ಟಿಗೆ, ಅಂದರೆ ಅರ್ಥ್. ಅವರ ಇಂಜಿನ್ ಐದು ನಿಮಿಷ ಓಡಲಿ. ಆಮೇಲೆ ನೀನು ಬ್ರೇಕ್ ಒತ್ತಿ ಪವರ್ ಗುಂಡಿ ಒತ್ತು. ಮೀಟರಿನಲ್ಲಿ "ರೆಡಿ" ದೀಪ ಬಂತು ಅಂದರೆ ಮುಗೀತು, ಇಂಜಿನ್ ಸದ್ದು ಕೇಳದಿದ್ದರೂ ಗಾಡಿ ಎದ್ದಿದೆ ಅಂತಲೇ ಲೆಕ್ಕ. ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ವೈರು ಬಿಚ್ಚು.

ಪ್ಲಸ್ ಮೈನಸ್ ಮಾತ್ರ ಅದಲುಬದಲು ಆಗಬಾರದು. ನಮ್ಮ ಕಾಲದ ಟ್ರ್ಯಾಕ್ಟರಿನಲ್ಲಿ ಉಲ್ಟಾ ಕೊಟ್ಟರೆ ಒಂದು ಕಿಡಿ ಹಾರಿ ಬೈಗುಳಕ್ಕೆ ಮುಗೀತಿತ್ತು. ಇದರಲ್ಲಿ ದೊಡ್ಡ ಫ್ಯೂಸ್ ಹೋಗುತ್ತೆ, ಗ್ರಹಚಾರ ಕೆಟ್ಟರೆ ಮೋಟರಿಗೆ ಕರೆಂಟ್ ಹದ ಮಾಡಿ ಕೊಡೋ ಇನ್ವರ್ಟರೇ ಹೋಗುತ್ತೆ. ಸಹಾಯಕ್ಕೆ ಬಂದವರು ಎಷ್ಟೇ ಆತುರಪಡಲಿ, ಗುರುತು ನೀನೇ ಎರಡು ಸಲ ನೋಡು. ನಾಚಿಕೆ ಪಟ್ಟುಕೋಬೇಡ.

ತಳ್ಳಿ ಸ್ಟಾರ್ಟ್ ಮಾಡೋ ನಮ್ಮೂರಿನ ವಿದ್ಯೆ ಇಲ್ಲಿ ನಡೆಯಲ್ಲ. ಸಣ್ಣ ಬ್ಯಾಟರಿ ಸತ್ತರೆ ಗಾಡಿ ಪಾರ್ಕಿನಿಂದ ಹೊರಗೇ ಬರಲ್ಲ. ಟೋ ಮಾಡಿಸಿದರೆ ಹಲಗೆ ಲಾರಿಯ ಮೇಲೆ ಏರಿಸಿ, ಇಲ್ಲದಿದ್ದರೆ ಮುಂದಿನ ಚಕ್ರ ಎತ್ತಿಕೊಂಡೇ ಒಯ್ಯಬೇಕು. ಮುಂದಿನ ಚಕ್ರ ನೆಲದ ಮೇಲೆ ಉರುಳಿದರೆ ಒಳಗಿನ ಮೋಟರ್ ತಿರುಗಿ ತಾನೇ ಕರೆಂಟ್ ಹುಟ್ಟಿಸಿ ಅನಾಹುತ ಮಾಡುತ್ತೆ. ಇನ್ನೊಂದು, ನಿನ್ನ ಗಾಡಿಯಿಂದ ಬೇರೆಯವರಿಗೆ ಜಂಪ್ ಕೊಡೋ ಉದಾರತನ ಬೇಡ. ನಿನ್ನ ರೂಮ್‌ಮೇಟಿನ ಆ ದೊಡ್ಡ ಪಿಕಪ್ಪಿನ ಸೆಲ್ಫ್ ಎಳೆಯೋ ಕರೆಂಟಿಗೆ ನಿನ್ನ ಪುಟ್ಟ ಬ್ಯಾಟರಿ ಯಾವ ಮೂಲೆಗೆ? ಕೈಯಲ್ಲಿ ಹಿಡಿಯೋ ಲಿಥಿಯಂ ಜಂಪ್ ಪ್ಯಾಕ್ ಒಂದು ತಗೋ, ಇಬ್ಬರಿಗೂ ಆಗುತ್ತೆ. ಅದನ್ನ ಡಿಕ್ಕಿಯಲ್ಲಿ ಇಡಬೇಡ ಮಾರಾಯ್ತಿ, ಬೇಕಾದ ದಿನವೇ ಡಿಕ್ಕಿ ತೆಗೆಯಲ್ಲ.

ಈಗ ಸಣ್ಣದು ಯಾಕೆ ಡೌನ್ ಆಯಿತು ಅನ್ನೋದು. ಒಂದು, ಚಳಿ. ಸೊನ್ನೆಗಿಂತ 18 ಡಿಗ್ರಿ ಕೆಳಗಿಳಿದರೆ ಸೀಸದ ಬ್ಯಾಟರಿಯ ತಾಕತ್ತು ಹೆಚ್ಚುಕಮ್ಮಿ ಅರ್ಧ. ಪೂರ್ತಿ ಡೌನ್ ಆದದ್ದು ಹೆಪ್ಪುಗಟ್ಟಲೂಬಹುದು. ಹೊಟ್ಟೆ ಉಬ್ಬಿರೋ ಬ್ಯಾಟರಿ ಕಂಡರೆ ಜಂಪ್ ಕೊಡೋ ಗೋಜಿಗೇ ಹೋಗಬೇಡ, ಸಿಡಿಯುತ್ತೆ. ಎರಡು, ನೀನು ಪರೀಕ್ಷೆ ಅಂತ ಮೂರು ವಾರ ಗಾಡಿ ಮುಟ್ಟಿಲ್ಲ. ನಿಂತ ಗಾಡಿಯಲ್ಲೂ ಸ್ಮಾರ್ಟ್ ಕೀ, ಅಂದರೆ ರಿಮೋಟ್ ಜೇಬಿನಲ್ಲಿದ್ದರೇ ಬಾಗಿಲು ತೆಗೆಯೋ ಏರ್ಪಾಡು, ನಿನ್ನ ದಾರಿ ಕಾಯುತ್ತಾ ಕರೆಂಟ್ ಕುಡಿಯುತ್ತಲೇ ಇರುತ್ತೆ. ಊರಿಗೆ ಹೋಗುವಾಗ ಸ್ಟೀರಿಂಗ್ ಕೆಳಗಿನ ಗುಂಡಿಯಲ್ಲಿ ಅದನ್ನ ಆಫ್ ಮಾಡು. ಮೂರು, ಬ್ರೇಕ್ ಒತ್ತದೆ ಪವರ್ ಗುಂಡಿ ಒತ್ತಿ ಹಾಡು ಕೇಳ್ತಾ ಕೂರೋ ಅಭ್ಯಾಸ ನಿನಗಿದೆ, ನಿಮ್ಮಮ್ಮ ಹೇಳಿದಳು. ಆಗ ಖರ್ಚೆಲ್ಲ ಸಣ್ಣದರ ತಲೆ ಮೇಲೆ. ಕೂರೋದಾದರೆ "ರೆಡಿ"ಯಲ್ಲೇ ಕೂರು, ಆಗ ದೊಡ್ಡದು ಸಣ್ಣದಕ್ಕೆ ತುಂಬಿಕೊಡ್ತಾ ಇರುತ್ತೆ. ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಸರ್ವಥಾ ಕೂಡದು. ಇಂಜಿನ್ ಸದ್ದಿಲ್ಲದೆ ತಾನೇ ಹತ್ತಿಕೊಳ್ಳುತ್ತೆ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ.

ಬ್ಯಾಟರಿಗೆ ವಯಸ್ಸು ಆಗಿದೆಯೋ ಇಲ್ಲವೋ ಅಳೆದೇ ನೋಡಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಬಾನೆಟ್ ಎತ್ತಿ, ಬಾಗಿಲು ಮುಚ್ಚಿ, ರಿಮೋಟ್ ಮನೆಯೊಳಗೆ ಇಟ್ಟು ಹತ್ತು ನಿಮಿಷ ಬಿಡು. ಮಲ್ಟಿಮೀಟರಿನ ಕೆಂಪು ಕಡ್ಡಿ ಆ ನಾಲಿಗೆಗೆ, ಕಪ್ಪು ಕಡ್ಡಿ ಬೋಲ್ಟಿಗೆ. 12.6 ಬಂದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸು, ಎರಡು ದಿನದಲ್ಲಿ ಮತ್ತೆ ಅಲ್ಲಿಗೇ ಇಳಿದರೆ ಬದಲಾಯಿಸು. "ರೆಡಿ"ಯಲ್ಲಿ ಇಟ್ಟಾಗ 13.8ರಿಂದ 14.5ರೊಳಗೆ ತೋರಿಸಬೇಕು, ತೋರಿಸಿದರೆ ತುಂಬುವ ಕಡೆ ತೊಂದರೆ ಇಲ್ಲ. ಹೊಸದು ಕೊಳ್ಳುವಾಗ ಈ ಗಾಡಿಗೇ ಮಾಡಿದ, ಗಾಳಿ ಹೊರಹಾಕುವ ಟ್ಯೂಬ್ ಸಿಕ್ಕಿಸೋ ಜಾಗ ಇರೋ ಎಜಿಎಂ ಬ್ಯಾಟರಿಯನ್ನೇ (ಆಸಿಡ್ಡನ್ನ ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಟ್ಟದ್ದು) ಕೇಳು. ನೀನು ಕೂತ ಕೋಣೆಯೊಳಗೇ ಅದೂ ಇರೋದು, ಅದರ ಗ್ಯಾಸು ಒಳಗೆ ನಿಲ್ಲಬಾರದು.

ಆ ಟೋ ಗಾಡಿಯವನ ಮಾತಿಗೆ ಬರ್ತೀನಿ. ಸಣ್ಣದರ ವೋಲ್ಟೇಜ್ ಇಳಿದರೆ ಮೀಟರಿನಲ್ಲಿ ಬ್ರೇಕು, ಸ್ಟೀರಿಂಗು, ಕೆಂಪು ತ್ರಿಕೋನ ಅಂತ ದೀಪಾವಳಿಯೇ ಶುರುವಾಗುತ್ತೆ. ಅದನ್ನ ನೋಡಿಯೇ ಇಲ್ಲೊಂದು ಗ್ಯಾರೇಜಿನವರು ನಿಮ್ಮಣ್ಣನಿಗೆ ದೊಡ್ಡ ಬ್ಯಾಟರಿಗೆ ಮೂರು ಸಾವಿರ ಡಾಲರಿನ ಚೀಟಿ ಬರೆದುಕೊಟ್ಟಿದ್ದರು. ನಾನು ಮೀಟರ್ ಹಿಡಿದೆ, ಸಣ್ಣದು 9.4 ತೋರಿಸಿತು. ಅದೊಂದನ್ನೇ ಬದಲಾಯಿಸಿದೆವು. ಗಾಡಿ ಆಮೇಲೆ ನಾಲ್ಕು ವರ್ಷ ಓಡಿತು.

ಹಾಗಂತ ದೊಡ್ಡದು ಸಾಯೋದೇ ಇಲ್ಲ ಅಂತಲ್ಲ. ನಿನ್ನದರ ವಾರಂಟಿ ಎಂದೋ ಮುಗಿದಿದೆ. ಪರದೆಯ ಮೇಲಿನ ಬ್ಯಾಟರಿ ಗೀಟುಗಳು ಐದೇ ನಿಮಿಷದಲ್ಲಿ ತಳ ಮುಟ್ಟಿ ಮತ್ತೆ ತುದಿಗೆ ಹಾರೋದು, ಮೈಲೇಜ್ ಬೀಳೋದು, ಹಿಂದಿನಿಂದ ಫ್ಯಾನು ಹೋ ಅಂತ ಅರಚೋದು, ಇವು ಅದರ ಲಕ್ಷಣ. ಗಾಡಿಯ ಕಂಪ್ಯೂಟರನ್ನ ರೋಗ ಕೇಳೋ ಓಬಿಡಿ ಸಾಕೆಟ್ಟಿಗೆ ರೀಡರ್ ಹಾಕಿದಾಗ P0A80, ಅಂದರೆ ದೊಡ್ಡ ಬ್ಯಾಟರಿ ಬದಲಾಯಿಸು ಅನ್ನೋ ಕೋಡ್ ಬಂದರೆ ಆಗ ಅನುಮಾನಪಡು. ಕಂಪ್ಯೂಟರು ಆ 28 ತುಂಡನ್ನ 14 ಜೋಡಿ ಮಾಡಿ ಒಂದೊಂದರ ವೋಲ್ಟ್ ಬೇರೆಬೇರೆ ಅಳೆಯುತ್ತೆ. 13 ಜೋಡಿ ಒಂದೇ ಸಾಲಿನಲ್ಲಿದ್ದು, ಏರು ಹತ್ತುವಾಗ ಒಂದು ಮಾತ್ರ ಜಾರಿದರೆ ರೋಗ ಅಲ್ಲಿದೆ. ಆ ಒಂದನ್ನ ಬದಲಾಯಿಸಿ ಕಡಿಮೆಗೆ ಮಾಡ್ತೀವಿ ಅನ್ನೋರು ಸಿಗ್ತಾರೆ. ನನಗೆ ಅದು ಅಷ್ಟು ಹಿಡಿಸಲ್ಲ. ಜತೆಯವಕ್ಕೂ ಅಷ್ಟೇ ವಯಸ್ಸಾಗಿರುತ್ತೆ, ಆರು ತಿಂಗಳಿಗೆ ಪಕ್ಕದ್ದು ಮಲಗುತ್ತೆ.

ಆ ದೊಡ್ಡದರ ಮುಚ್ಚಳ ನೀನು ಬಿಚ್ಚಕೂಡದು. ಕಿತ್ತಳೆ ಬಣ್ಣದ ವೈರು ಎಲ್ಲಿ ಕಂಡರೂ ಕೈ ಹಿಂದಕ್ಕೆ. 31 ವರ್ಷ ಬ್ಯಾಟರಿ ಮುಟ್ಟಿದ ನಾನೇ ಅದನ್ನ ಮುಟ್ಟಿಲ್ಲ. ನೀನು ಮಾಡಬಹುದಾದದ್ದು ಒಂದೇ: ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಜಾಲರಿ ಇದೆ, ಅದು ದೊಡ್ಡದರ ಮೂಗು. ಅದರ ಮುಂದೆ ಕೋಟು, ಚೀಲ ಒಡ್ಡಬೇಡ, ಆಗಾಗ ವ್ಯಾಕ್ಯೂಮ್ ಹಿಡಿ. ನಿಮ್ಮ ಮನೆಯಲ್ಲಿ ಬೆಕ್ಕು ಬೇರೆ ಇದೆ. ಪೆಟ್ರೋಲ್ ಖಾಲಿಯಾದಾಗ "ಹೇಗೂ ಕರೆಂಟಿನಲ್ಲಿ ಓಡುತ್ತಲ್ಲ" ಅಂತ ಎಳೆಯಬೇಡ. ದೊಡ್ಡದು ತಳ ಮುಟ್ಟಿದರೆ ಯಾವ ಜಂಪಿಗೂ ಬಗ್ಗಲ್ಲ.

ದೊಡ್ಡಮ್ಮ ಚಟ್ನಿಪುಡಿ, ಹುರಿಗಾಳು ಕಟ್ಟಿ ಪಾರ್ಸೆಲ್ ಮಾಡ್ತಿದ್ದಾಳೆ. ಅದರಡಿ ಒಂದು ಮಲ್ಟಿಮೀಟರು, ತಿಪಟೂರಿನ ಅಂಗಡಿಯ ನನ್ನ ಹತ್ತು-ಹನ್ನೊಂದು ಸ್ಪ್ಯಾನರು ಇಟ್ಟಿದ್ದೀನಿ. ಬ್ಯಾಟರಿ ಟರ್ಮಿನಲ್ಲಿಗೆ ಹತ್ತರ ಬಾಯಿ ಸರಿಯಾಗಿ ಕೂರುತ್ತೆ. ಭಾನುವಾರ ಬೆಳಗ್ಗೆ ಅಳೆದು ಮೀಟರಿನ ಫೋಟೊ ಕಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ